ಬಂಡೆಯಡಿಯ ಗೋರಾಕ್ಕೆ ರಾಣಿ ಬಂದದ್ದು

ನಾಮಿಯೆ ಸಮುದ್ರದ ಕಡೆಯ ಹೆಣ್ಣು. ತವರಿನಲ್ಲಿ ಅವಳು ಬಲೆ ಹೆಣೆಯುತ್ತ, ಮೀನು ಒಣಗಿಸುತ್ತ ಬೆಳೆದವಳು. ಕೊಜಾ ನದಿಯ ಮೇಲ್ದಂಡೆಯ ನಾಬೆರಾ ಎಂಬ ಬೆಟ್ಟದೂರಿಗೆ ಸೊಸೆಯಾಗಿ ಬಂದಾಗ ಅವಳಿಗೆ ಎರಡು ಭಯಗಳಿದ್ದವು. ಒಂದು, ಮನೆಯ ಬೆನ್ನಿಗೇ ಎದ್ದು ನಿಂತು ಮಧ್ಯಾಹ್ನಕ್ಕೇ ಬಿಸಿಲು ನುಂಗಿಬಿಡುವ ಬೆಟ್ಟ. ಇನ್ನೊಂದು, ಆ ಬೆಟ್ಟದ ದೊಡ್ಡ ಬಂಡೆಯ ಕೆಳಗೆ ಕಲ್ಲಿನ ಮೇಲೆ ನಿಲ್ಲಿಸಿದ್ದ ಗೋರಾ. ಸುಗಿ ಮರದ ದಿಮ್ಮಿಯನ್ನು ಒಳಗೆಲ್ಲ ಕೊರೆದು ಟೊಳ್ಳು ಮಾಡಿ, ಮೇಲೊಂದು ಹಲಗೆ ಮುಚ್ಚಿ, ಬುಡದಲ್ಲಿ ಬೆರಳು ತೂರುವಷ್ಟು ಸಂದಿ ಬಿಟ್ಟರೆ ಅದೇ ಗೋರಾ. ಕಾಡಿನ ಜೇನು ತಾನಾಗಿ ಬಂದು ಅದರಲ್ಲಿ ಸಂಸಾರ ಹೂಡುತ್ತದೆ. ಊರಿನಲ್ಲಿ ಗೋರಾ ಇಲ್ಲದ ಮನೆಯೇ ಇರಲಿಲ್ಲ.

ಅವಳ ಗಂಡ ತೋಕುಜಿ ಮರ ಕಡಿಯುವವನು. ಎಂಥ ಇಳಿಜಾರಿನಲ್ಲೂ ಗರಗಸ ಹಿಡಿದು ನಿಲ್ಲುತ್ತಿದ್ದ ಆಳು, ಒಂದೇ ಒಂದು ಜೇನು ಚುಚ್ಚಿದರೆ ದುಂಡನೆಯ ದಾರುಮ ಗೊಂಬೆಯ ಹಾಗೆ ಊದಿಕೊಂಡು ಕಣ್ಣು ಬಿಡಲಾರದೆ ಮಲಗುತ್ತಿದ್ದ. ಹಾಗಾಗಿ ಆ ಮನೆಯಲ್ಲಿ ಗೋರಾದ ಕೆಲಸವೆಲ್ಲ ಅತ್ತೆ ಶಿಗೆನೊಳದು. ಬಂದ ವರ್ಷವೇ ಅತ್ತೆ ಸೊಸೆಯ ಕೈ ಹಿಡಿದು ಬಂಡೆಯ ಬಳಿಗೆ ಕರೆದೊಯ್ದಳು. ದಾರಿಯ ಕಲ್ಲು ಜಿಜೋ ದೇವರ ಮುಂದೆ ಇಬ್ಬರೂ ತಲೆಬಾಗಿದರು. ಆಮೇಲೆ ಶಿಗೆನೊ ಗೋರಾದ ಮೈಗೆ ಕಿವಿ ಹಚ್ಚಿ, ಎರಡು ಬೆರಳಿನಿಂದ ಮೆಲ್ಲಗೆ ತಟ್ಟಿದಳು. ಸೊಸೆಗೂ ಕಿವಿ ಹಚ್ಚಲು ಹೇಳಿದಳು. ಒಳಗೆ ಅಲೆ ಮರಳಿನ ಮೇಲೆ ಬಂದು ಹಿಂದಕ್ಕೆ ಸರಿದ ಹಾಗೆ ಒಂದು ಸದ್ದು ಎದ್ದಿತು. ಎದ್ದಷ್ಟೇ ಬೇಗ ಅಡಗಿತು. ತವರು ಬಿಟ್ಟು ಬಂದ ಮೇಲೆ ಮೊದಲ ಬಾರಿಗೆ ನಾಮಿಯೆಯ ಎದೆ ಹಗುರಾಯಿತು.

"ಮನೇಲಿ ಅಮ್ಮ ಇದ್ದಾಳೆ," ಎಂದಳು ಶಿಗೆನೊ. "ಅವಳಿದ್ರೆ ಹೀಗೆ ಒಂದು ಸಲ ‘ಶ್’ ಅಂದು ಸುಮ್ಮನಾಗ್ತಾವೆ. ಇಲ್ಲದಿದ್ರೆ ಅಳು ನಿಲ್ಲೋದೇ ಇಲ್ಲ."

ಮುಂದಿನ ವರ್ಷಗಳಲ್ಲಿ ನಾಮಿಯೆ ಆ ಅಮ್ಮನ ವಿಷಯವಾಗಿ ಒಂದೊಂದಾಗಿ ಕೇಳಿ ತಿಳಿದಳು. ಯೂಜು ಹಣ್ಣು ಸುಲಿಯುವಾಗ, ಬೆಳಗಿನ ಚಹಾಗಂಜಿ ಕಲಕುವಾಗ, ಅತ್ತೆ ನೆನಪಾದಷ್ಟು ಹೇಳುತ್ತಿದ್ದಳು. ರಾಣಿ ಹುಟ್ಟುವುದು ಎಲ್ಲ ಹೆಣ್ಣು ಜೇನೂ ಹುಟ್ಟುವಂಥದೇ ಮೊಟ್ಟೆಯಿಂದ. ಇಳಿಬಿದ್ದ ದೊಡ್ಡ ಕೋಣೆಯಲ್ಲಿಟ್ಟು, ದಾದಿಯರು ತಮ್ಮ ತಲೆಯಿಂದ ಊರುವ ಹಾಲನ್ನು ಕೊನೆಯವರೆಗೂ ಉಣಿಸಿದರೆ ಅದು ರಾಣಿ. ಆ ಊಟವನ್ನು ನಡುವೆ ನಿಲ್ಲಿಸಿದರೆ ಅದೇ ಕೂಸು ಕೆಲಸದ ಹೆಣ್ಣಾಗಿ ಕೆಲವೇ ವಾರ ದುಡಿದು ಸಾಯುತ್ತದೆ. ರಾಣಿ ವರ್ಷಗಟ್ಟಲೆ ಬದುಕುತ್ತಾಳೆ. ಹರೆಯದಲ್ಲಿ ಬಿಸಿಲಿಗೆ ಹಾರಿ ಗಂಡುಗಳನ್ನು ಕೂಡಿ ಬಂದವಳು ಆಮೇಲೆ ಆಯುಷ್ಯವಿಡೀ ಆ ಕತ್ತಲೆಯಲ್ಲಿ ಮೊಟ್ಟೆಯಿಡುತ್ತಾಳೆ. ಅವಳ ಮೈಯ ಕಂಪನ್ನು ಬಳಿಯಲ್ಲಿರುವವರು ನೆಕ್ಕಿ ಬಾಯಿಂದ ಬಾಯಿಗೆ ದಾಟಿಸುತ್ತಾರೆ. ಗೋರಾದ ತುದಿಯಲ್ಲಿ ಕಾವಲು ನಿಂತ ಜೇನಿಗೂ ಅದು ಮುಟ್ಟುತ್ತದೆ. ಅದು ಮುಟ್ಟುತ್ತಿರುವವರೆಗೆ ಎಲ್ಲರಿಗೂ ಅವರವರ ಕೆಲಸ ಗೊತ್ತು.

ಹಾಗಾದರೆ ಅವಳೇ ಎಲ್ಲರನ್ನೂ ಆಳುತ್ತಾಳಲ್ಲವೇ ಎಂದು ನಾಮಿಯೆ ಕೇಳಿದ್ದಳು.

"ಆಳೋದೇನು ಬಂತು? ಉಣ್ಣಬೇಕಾದ್ರೂ ಇನ್ನೊಬ್ಬರು ಬಾಯಿಗಿಡಬೇಕು ಅವಳಿಗೆ. ಅವಳು ಇರ್ತಾಳೆ ಕಣೇ, ಅಷ್ಟೆ. ಅವಳು ಇರೋದ್ರಿಂದ ಉಳಿದದ್ದೆಲ್ಲ ನಡೆಯುತ್ತೆ."

ನೀವು ನೋಡಿದ್ದೀರಾ ಎಂದು ಕೇಳಿದರೆ ಶಿಗೆನೊ ನಕ್ಕುಬಿಟ್ಟಳು. ಇಷ್ಟು ವರ್ಷದಲ್ಲಿ ಒಂದೇ ಸಲವಂತೆ. ಹಿಂಡು ಉಮೆ ಮರದ ಕೊಂಬೆಗೆ ಜೋತುಬಿದ್ದಾಗ ಉದ್ದನೆಯ ಕಪ್ಪು ಮೈಯೊಂದು ಹೊಳೆದು ಒಳಗೆ ಸರಿಯಿತಂತೆ. ಅವಳೋ ಅಲ್ಲವೋ ಈಗಲೂ ಗೊತ್ತಿಲ್ಲವಂತೆ.

ಒಂದು ವಸಂತದಲ್ಲಿ ಬಂಡೆಯಡಿಯ ಗೋರಾದಿಂದ ಹಿಂಡು ಎದ್ದಾಗ ನಾಮಿಯೆ ಖಾಲಿ ಗೋರಾಕ್ಕೆ ಮೇಣ ಸವರಿ, ಜೇನನ್ನು ಕರೆಯುವ ಆರ್ಕಿಡ್ ಹೂವಿನ ಕುಂಡ ಪಕ್ಕದಲ್ಲಿಟ್ಟು ಕಾಯುತ್ತಿದ್ದಳು. ಹಿಂಡು ಅವಳ ತಲೆಯ ಮೇಲೆಯೇ ಹೊಗೆಯ ಹಾಗೆ ಸುತ್ತಿ, ತೊರೆ ದಾಟಿ, ಎದುರುಗುಡ್ಡದ ಯಾಸೊಕಿಚಿಯ ಖಾಲಿ ಗೋರಾವನ್ನು ಹೊಕ್ಕಿತು. ಊರಿನ ಕಟ್ಟಳೆ ಸ್ಪಷ್ಟವಾಗಿತ್ತು. ಜೇನು ಬೆಟ್ಟದ ದೇವರದು. ಯಾರ ಗೋರಾ ಹೊಕ್ಕಿತೋ ಅವರದು. ವಾಪಸು ಕೇಳುವಂತಿಲ್ಲ. ಇನ್ನೊಬ್ಬರ ಗೋರಾದಿಂದ ಜೇನು ಬೇಡುವುದೆಂದರೆ ನಾಚಿಕೆಗೇಡು. ಪ್ರಾಯದ ಸೊಸೆಗೆ ತಡೆಯಲಿಲ್ಲ. ಯೂಜು ಸುಲಿಯುವ ಕೊಟ್ಟಿಗೆಯಲ್ಲಿ ನಾಲ್ಕು ಜನರ ಮುಂದೆ, ಯಾಸೊಕಿಚಿ ಬೇಕೆಂದೇ ನಮ್ಮ ಜಮೀನಿನ ಅಂಚಿಗೆ ಹೂಕುಂಡ ತಂದಿಟ್ಟು ಜೇನು ಕದ್ದ ಎಂದುಬಿಟ್ಟಳು. ಮಾತು ಅವನ ಕಿವಿಗೆ ಬಿತ್ತು. ಅವನು ಏನೂ ಅನ್ನಲಿಲ್ಲ. ಅಂದಿನಿಂದ ದಾರಿಯಲ್ಲಿ ಎದುರಾದರೆ ಇಬ್ಬರೂ ತಲೆಬಾಗುವರು, ಮಾತಿಲ್ಲ.

ಶಿಗೆನೊ ಬೈಯಲಿಲ್ಲ. ಹೋದದ್ದು ಯಾರು ಗೊತ್ತಾ ಎಂದು ಮಾತ್ರ ಕೇಳಿದಳು. ಹಿಂಡಿನ ಜೊತೆ ಹೋಗುವುದು ಹಳೆಯ ರಾಣಿ, ತಾಯಿ. ಕಟ್ಟಿದ ಎರಿ, ಕೂಡಿಟ್ಟ ತುಪ್ಪ, ತುಂಬಿದ ತೊಟ್ಟಿಲುಗಳನ್ನೆಲ್ಲ ಇನ್ನೂ ಹುಟ್ಟದ ಮಗಳಿಗೆ ಬಿಟ್ಟು, ಮನೆ ಸಿಗುತ್ತದೋ ಇಲ್ಲವೋ ಎಂಬುದೂ ತಿಳಿಯದೆ ಮುದುಕಿ ಹಾರಿಹೋಗುತ್ತಾಳೆ. ಆ ಶರತ್ಕಾಲದಲ್ಲೇ ಶಿಗೆನೊ ತನ್ನ ಹಾಸಿಗೆ, ಒಂದು ಕೆಟಲು, ಗಂಡನ ಪಟ ಎತ್ತಿಕೊಂಡು ಹಿತ್ತಿಲಿನ ಚಿಕ್ಕ ಮನೆಗೆ ಹೋಗಿಬಿಟ್ಟಳು. ದೊಡ್ಡಮನೆಯ ಒಲೆ ಸೊಸೆಗೆ ಬಂತು. ಆ ಕಡೆ ಹಿರಿಯರು ಹಾಗೆ ಬಿಟ್ಟುಕೊಡುವುದು ಇದ್ದದ್ದೇ. ಆದರೆ ಅಷ್ಟು ಬೇಗ, ಅಷ್ಟು ನಗುತ್ತಾ ಹೋದವರನ್ನು ಯಾರೂ ಕಂಡಿರಲಿಲ್ಲ. ಜೇನಿಗೆ ಗೊತ್ತಿರೋದು ನನಗೆ ಗೊತ್ತಾಗಬಾರದಾ ಎಂದಳಂತೆ.

ಶಿಗೆನೊ ತೀರಿಕೊಂಡು ಈಗ ಬಹಳ ವರ್ಷವಾಯಿತು. ನಾಮಿಯೆಯ ಕೂದಲೂ ನೆರೆಯಿತು. ಒಂದು ಚಳಿಗಾಲ ಊರಿನ ಜೇನಿಗೆ ರೋಗ ಬಂದು ಅವಳ ಗೋರಾಗಳು ಒಂದೊಂದೇ ಬರಿದಾದವು. ಬಂಡೆಯಡಿಯದು ಮಾತ್ರ ಉಳಿಯಿತು. ಅತ್ತೆ ತನ್ನನ್ನು ನಂಬಿ ಬಿಟ್ಟುಹೋದ ಸಂತಾನ ಅದು. ಅದೂ ಹೋದರೆ ಈ ಮನೆಗೂ ಶಿಗೆನೊಳ ಜೇನಿಗೂ ನಂಟು ಕಡಿದಂತೆ. ಆ ಚಳಿಗಾಲವಿಡೀ ನಾಮಿಯೆ ಗೋರಾಕ್ಕೆ ಹುಲ್ಲಿನ ಹೊದಿಕೆ ಸುತ್ತಿ, ಜಿಜೋ ದೇವರಿಗೆ ದಿನವೂ ನೀರಿಟ್ಟು ಬಂದಳು.

ಚೆರ್ರಿ ಹೂ ಉದುರುವ ಹೊತ್ತಿಗೆ ಗೋರಾದ ಬುಡದ ಕಲ್ಲಿನ ಮೇಲೆ ಅವಳಿಗೆ ಮುಚ್ಚಳಗಳು ಕಂಡವು. ಚಿಕ್ಕ ಟೋಪಿಯಂಥವು, ಕಂದು ಬಣ್ಣದವು, ನೆತ್ತಿಯಲ್ಲಿ ಸೂಜಿ ಚುಚ್ಚಿದಷ್ಟು ತೂತು. ಗಂಡು ಜೇನು ಹುಟ್ಟುವ ಕೋಣೆಯ ಮುಚ್ಚಳ ಅವು. ವಸಂತದಲ್ಲಿ ಅವು ಉದುರಿದರೆ ಊರಿಗೆ ಊರೇ ಹಿಗ್ಗುತ್ತದೆ. ಗಂಡು ಹುಟ್ಟಿದವು, ಇನ್ನು ರಾಣಿಕೋಣೆ ಕಟ್ಟುತ್ತಾವೆ, ಹಿಂಡು ಏಳುತ್ತದೆ ಎಂದು ಅರ್ಥ. ಒಂದು ಗೋರಾ ಎರಡಾಗುತ್ತದೆ.

ನಾಮಿಯೆ ಮುಚ್ಚಳಗಳನ್ನು ಅಂಗೈಯಲ್ಲಿ ತಂದು ಗಂಡನಿಗೆ ತೋರಿಸಿದಳು. ಅಜುಕಿ ಕಾಳು ಹಾಕಿ ಶುಭಕಾರ್ಯಕ್ಕೆ ಮಾಡುವ ಕೆಂಪನ್ನ ಮಾಡಿದಳು. ಕೆಳಗಿನ ಬೀದಿಯಲ್ಲಿದ್ದ ನಾದಿನಿ ಮಸುಯೊ ಒಂದು ಬಟ್ಟಲು ತಿಂದು, ಇನ್ನೊಂದಕ್ಕೆ ಕೈ ಚಾಚುತ್ತ, "ಕೂಸು ಹುಟ್ಟೋ ಮೊದಲೇ ಹೆಸರಿಟ್ಟು ಊಟ ಹಾಕೋ ಮನೆ ನಿಮ್ಮದೊಂದೇ ಅತ್ತಿಗೆ," ಎಂದು ಚುಡಾಯಿಸಿದಳು. ನಾಮಿಯೆ ಖಾಲಿ ಗೋರಾಗಳನ್ನು ತೊಳೆದು ಮೇಣ ಸವರಿದಳು. ಆರ್ಕಿಡ್ ಮೊಗ್ಗು ಬಿಟ್ಟಿತು.

ಗೋರಾವನ್ನು ಮಾತ್ರ ಅವಳು ತಟ್ಟಿ ನೋಡಲಿಲ್ಲ. ಹಿಂಡು ಏಳುವ ಕಾಲದಲ್ಲಿ ತಟ್ಟಿದರೆ ಜೇನು ಮುನಿದು ದೂರ ಹೋಗುತ್ತದೆಂದು ಊರಿನ ನಂಬಿಕೆ. ಮೊದಲೇ ಒಂದು ಹಿಂಡು ಕಳೆದುಕೊಂಡವಳು. ಗೋರಾದ ಮುಂದೆ ಉಸಿರು ಬಿಗಿಹಿಡಿದು ನಡೆಯುತ್ತಿದ್ದಳು. ಹುಟ್ಟಿದ ಗಂಡುಗಳು ಯಾಕೋ ಚಿಕ್ಕದಾಗಿ ಕಂಡವು. ಕಾಲಿಗೆ ಹಳದಿ ಪರಾಗದ ಉಂಡೆ ಕಟ್ಟಿಕೊಂಡು ಬರುವ ಜೇನೂ ಕಣ್ಣಿಗೆ ಬೀಳಲಿಲ್ಲ. ಇವತ್ತು ಗಾಳಿ, ನಿನ್ನೆ ಮಳೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಸುತ್ತಲ ಮನೆಗಳಲ್ಲಿ ಹಿಂಡು ಎದ್ದವು. ಎದುರುಗುಡ್ಡದ ಯಾಸೊಕಿಚಿಯ ಗೋರಾದಿಂದಲೂ ಎದ್ದಿತೆಂದು ಮಸುಯೊ ಸುದ್ದಿ ತಂದಳು. ಬಂಡೆಯಡಿಯದು ಏಳಲಿಲ್ಲ. ಕಾಡಿನಿಂದ ಇಳಿದು ಬಂದ ತೋಕುಜಿ ಒಂದು ಮಧ್ಯಾಹ್ನ ಯಾವಾಗಲೂ ನಿಲ್ಲುವಷ್ಟು ದೂರದಲ್ಲಿ, ಉಮೆ ಮರದ ಹಿಂದೆ ನಿಂತು, ಬಗ್ಗಿ ನೋಡಿದ.

"ನಿನ್ನ ಜೇನು ಯಾಕೆ ಇಷ್ಟು ಕಪ್ಪಗಿವೆ ನಾಮಿಯೆ? ಎಣ್ಣೆ ಹಚ್ಕೊಂಡ ಹಾಗೆ ಮಿಂಚ್ತಾ ಇವೆ."

ಮಾಡುತ್ತಿದ್ದ ಕೆಲಸ ಬಿಟ್ಟು ಅವಳು ಬಂದು ನೋಡಿದಳು. ನಿಜ. ಮೈಮೇಲಿನ ತುಪ್ಪುಳ ಉದುರಿ ಜೇನುಗಳು ಕರ್ರಗೆ ಹೊಳೆಯುತ್ತಿದ್ದವು. ದೂರದಿಂದ ಹೆದರಿ ನೋಡುವವನಿಗೆ ಕಂಡದ್ದು ದಿನವೂ ಹತ್ತಿರ ಹೋಗುವವಳಿಗೆ ಕಂಡಿರಲಿಲ್ಲ. ಅವಳು ಕಿವಿ ಹಚ್ಚಿ, ಎರಡು ಬೆರಳಿನಿಂದ ತಟ್ಟಿದಳು. ಸದ್ದು ಎದ್ದಿತು. ಅಡಗಲಿಲ್ಲ. ಏರುತ್ತ, ಇಳಿಯುತ್ತ, ಒಂದು ಗುಂಪು ಸುಮ್ಮನಾದರೆ ಇನ್ನೊಂದು ಎತ್ತಿಕೊಳ್ಳುತ್ತ, ಸಾವಿನ ಮನೆಯ ಅಳುವಿನ ಹಾಗೆ ಸಾಗಿತು. ನಾಮಿಯೆ ಕಿವಿ ತೆಗೆಯದೆ ಇನ್ನೊಮ್ಮೆ ತಟ್ಟಿದಳು. ಅದೇ ಅಳು.

ರಾಣಿ ಇರಲಿಲ್ಲ. ಚಳಿಯಲ್ಲೇ ಸತ್ತಿರಬೇಕು. ಅವಳ ಕಂಪು ಬಾಯಿಂದ ಬಾಯಿಗೆ ಮುಟ್ಟುವುದು ನಿಂತ ಮೇಲೆ, ಕೆಲಸದ ಹೆಣ್ಣುಗಳ ಬತ್ತಿದ ಬಸಿರು ತಾನಾಗಿ ಎಚ್ಚರಗೊಳ್ಳುತ್ತದೆ. ಮನೆ ಉಳಿಸಬೇಕೆಂಬ ಆಸೆಯೋ ಏನೋ, ಅವೇ ಮೊಟ್ಟೆಯಿಡತೊಡಗುತ್ತವೆ. ಒಂದೇ ಕೋಣೆಯಲ್ಲಿ ನಾಲ್ಕಾರು, ಹೇಗೆಂದರೆ ಹಾಗೆ. ಗಂಡು ಕೂಡದ ಹೆಣ್ಣಿನ ಮೊಟ್ಟೆಯಿಂದ ಗಂಡೇ ಹುಟ್ಟುತ್ತದೆ. ಗಂಡುಗಳು ಹೂವಿಗೆ ಹೋಗುವುದಿಲ್ಲ, ಎರಿ ಕಟ್ಟುವುದಿಲ್ಲ, ಕೂಸು ಸಾಕುವುದಿಲ್ಲ. ಹೀಗೆ ಮನೆ ತುಂಬುತ್ತ ತುಂಬುತ್ತಲೇ ಖಾಲಿಯಾಗುತ್ತದೆ. ಅವಳು ಕೆಂಪನ್ನ ಮಾಡಿದ್ದು ಆ ಮುಚ್ಚಳಗಳಿಗೆ.

ಮಳೆಗಾಲ ಹಿಡಿಯುವುದರೊಳಗೆ ಎಲ್ಲ ಮುಗಿಯುತ್ತದೆ ಎಂದು ಅವಳಿಗೆ ಗೊತ್ತಿತ್ತು. ಒಂದೇ ದಾರಿ ಉಳಿದಿತ್ತು. ಹಿಂಡು ಎದ್ದ ಗೋರಾದಲ್ಲಿ ಹುಟ್ಟಲಿರುವ ರಾಣಿಯರ ಕೋಣೆಗಳು ನಾಲ್ಕೈದು ಇರುತ್ತವೆ. ಮೊದಲು ಹೊರಬಂದವಳು ಉಳಿದ ಅಕ್ಕತಂಗಿಯರನ್ನು ಕೋಣೆಯಲ್ಲೇ ಚುಚ್ಚಿ ಕೊಲ್ಲುತ್ತಾಳೆ. ಅದಕ್ಕೆ ಮೊದಲು ಒಂದು ಕೋಣೆ ಕೊಯ್ದು ತಂದರೆ ಆಸೆಯಿದೆ. ತೀರ ಈಚೆಗೆ ಹಿಂಡು ಎದ್ದು, ಅಂಥ ಕೋಣೆ ಇನ್ನೂ ಉಳಿದಿರಬಹುದಾದದ್ದು ಯಾಸೊಕಿಚಿಯ ಗೋರಾದಲ್ಲಿ ಮಾತ್ರ. ಬೇಡಬಾರದೆಂಬ ಕಟ್ಟಳೆ, ಅದರ ಮೇಲೆ ಕಳ್ಳ ಎಂದ ತನ್ನದೇ ಬಾಯಿ.

ನಾಮಿಯೆ ಬೆಳಿಗ್ಗೆ ಉಪ್ಪಿನಲ್ಲಿ ನೆನೆಸಿದ ಎಲೆಯಲ್ಲಿ ಸುತ್ತಿದ ಅನ್ನದುಂಡೆಗಳನ್ನು ಗಂಟು ಕಟ್ಟಿಕೊಂಡು ತೊರೆ ದಾಟಿದಳು. ಯಾಸೊಕಿಚಿ ಅಂಗಳದಲ್ಲಿ ಬಿದಿರು ಸೀಳುತ್ತಿದ್ದ. ಎಂಬತ್ತರ ಹತ್ತಿರದ ಮುದುಕ, ಬೆನ್ನು ಬಾಗಿತ್ತು, ಕತ್ತಿ ಹಿಡಿದ ಕೈ ಬಾಗಿರಲಿಲ್ಲ. ಅವಳು ನೆಲಕ್ಕೆ ಕೂತು ಹಣೆ ಮಣ್ಣಿಗೆ ತಾಗುವಂತೆ ಬಾಗಿದಳು. ಮೊದಲು ಹಳೆಯ ಮಾತಿಗೆ ಕ್ಷಮೆ ಕೇಳಿದಳು. ಆಮೇಲೆ ಗೋರಾದ ಅಳು, ಮುಚ್ಚಳ, ಕೆಂಪನ್ನ ಎಲ್ಲ ಹೇಳಿದಳು. ಬೇಡುವ ಮಾತು ಬಂದಾಗ ಮತ್ತೆ ಹಣೆಯನ್ನು ಮಣ್ಣಿಗೆ ತಾಗಿಸಿದಳು.

ಮುದುಕ ಕತ್ತಿಯನ್ನು ಪಕ್ಕಕ್ಕಿಟ್ಟ.

"ಮೇಲ್ಮನೆ ಸೊಸೆ, ಆ ಹೂಕುಂಡ ನಾನೇ ತಂದಿಟ್ಟಿದ್ದು," ಎಂದ. "ನೀನು ಅಂದದ್ದರಲ್ಲಿ ಅರ್ಧ ನಿಜ ಇತ್ತು. ಅದಕ್ಕೇ ನಾನೂ ಬಾಯಿ ಬಿಡಲಿಲ್ಲ."

ನಾಮಿಯೆ ತಲೆಯೆತ್ತಿ ನೋಡಿದಳು. ಅವನ ಮುಖದಲ್ಲಿ ನಗು ಇತ್ತೋ ಇಲ್ಲವೋ ಹೇಳುವುದು ಕಷ್ಟ.

"ಬೇಡೋ ಮಾತು ಬಿಡು. ಅವತ್ತು ಬಂದವಳು ನಿಮ್ಮ ಶಿಗೆನೊಳ ಗೋರಾದ ಮುದುಕಿ. ಅವಳ ಮಗಳು, ಮಗಳ ಮಗಳು, ಎಲ್ಲ ಇದೇ ಗೋರಾದಲ್ಲಿ ಆಳಿ ಹೋದರು. ಈಗ ಒಂದು ಹುಡುಗಿ ತವರಿಗೆ ಹೊರಟಿದ್ದಾಳೆ ಅಂದ್ಕೊ. ತವರಿಗೆ ಹೋಗೋಳನ್ನ ಯಾರು ತಡೀತಾರೆ?"

ಅವನು ಗೋರಾವನ್ನು ಓರೆ ಮಾಡಿ ಹಿಡಿದ. ಬಗ್ಗಿ ನೋಡಿದರೆ ಎರಿಗಳ ಅಂಚಿನಲ್ಲಿ ಶೇಂಗಾಕಾಯಿಯಂಥ ಕೋಣೆಗಳು ತಲೆಕೆಳಗಾಗಿ ತೂಗುತ್ತಿದ್ದವು. ಒಂದರ ತುದಿಯ ಮೇಣವನ್ನು ಜೇನುಗಳು ಕೆರೆದು ತೆಳ್ಳಗೆ ಮಾಡಿದ್ದವು. ಒಳಗಿನ ಕಂದು ಪೊರೆ ಕಾಣುತ್ತಿತ್ತು. ಹೊರಬರುವ ಹೊತ್ತು ಹತ್ತಿರವಾಗಿದೆ ಎಂದು ಗುರುತು. ಅದರ ಪಕ್ಕದ್ದನ್ನು ಎರಿಯ ತುಂಡು ಸಮೇತ ಕೊಯ್ದು, ಆಗಷ್ಟೇ ಕಡಿದ ಬಿದಿರಿನ ಅಂಡೆಯಲ್ಲಿ ಹತ್ತಿ ತುಂಬಿ, ತುದಿ ಕೆಳಗೆ ಬರುವಂತೆ ನಿಲ್ಲಿಸಿ ಕೊಟ್ಟ. ಮಲಗಿಸಬಾರದು, ಅಲುಗಿಸಬಾರದು, ತಣ್ಣಗಾಗಬಾರದು ಎಂದ. ಅಷ್ಟು ಮಾಡಿದರೂ ಮೊಟ್ಟೆಯಿಡುವ ರುಚಿ ಹತ್ತಿದ ಜೇನು ಹೊಸಬಳನ್ನು ಒಪ್ಪದೆ ಹರಿದು ಹಾಕಿದರೂ ಹಾಕಬಹುದು, ಮನಸ್ಸು ಗಟ್ಟಿ ಮಾಡ್ಕೊ ಎಂದ.

ನಾಮಿಯೆ ಅಂಡೆಯನ್ನು ಎದೆಗೆ ಆನಿಸಿ ರವಿಕೆಯೊಳಗೆ ಇಟ್ಟುಕೊಂಡು ನಡೆದಳು. ತೊರೆಯ ಕಲ್ಲುಗಳ ಮೇಲೆ ಕಾಲಿಡುವಾಗ, ತುಂಬಿದ ಬಸುರಿಯಾಗಿ ಇದೇ ತೊರೆ ದಾಟಿದ ನೆನಪಾಯಿತು. ನಡುದಾರಿಯಲ್ಲಿ ಬಿದಿರಿನ ಮೂಲಕ ಏನೋ ಎದೆಗೆ ತಾಗಿತು. ಮೊದಲು ತನ್ನ ಗುಂಡಿಗೆಯ ಬಡಿತವೇ ಇರಬೇಕೆಂದುಕೊಂಡಳು. ಅಲ್ಲ. ಅದು ಕೋಣೆಯೊಳಗಿಂದ ಬರುತ್ತಿತ್ತು, ತೀರ ಸಣ್ಣ ಕೆರೆತ, ಬಿಟ್ಟು ಬಿಟ್ಟು. ಜಗತ್ತನ್ನು ಕಾಣದವಳು ಒಳಗಿನಿಂದ ಬಾಗಿಲು ತಡಕುತ್ತಿದ್ದಳು. ಇಷ್ಟೇ ಇಷ್ಟು ಜೀವ. ಇದರ ಮೇಲೆ ಒಂದು ಊರು ನಿಂತಿದೆ. ನಾಮಿಯೆಯ ತುಟಿ ತಾನಾಗಿ ಪ್ರಾರ್ಥನೆ ಹೇಳತೊಡಗಿತು. ಏನು ಬೇಡುತ್ತಿದ್ದೇನೆ ಎಂಬುದು ಅವಳಿಗೇ ತಿಳಿಯಲಿಲ್ಲ.

ಗೋರಾದ ಮೇಲಿನ ಹಲಗೆ ಸರಿಸಿ, ಅಳುವ ಜೇನುಗಳ ನಡುವೆ, ಎರಿಗಳ ಸಂದಿಯಲ್ಲಿ ಕೋಣೆಯನ್ನು ತೂಗಿಬಿಟ್ಟಳು. ಕೈಗೆ ಚುಚ್ಚಿದವು. ಅವಳು ಕೈ ಹಿಂತೆಗೆಯಲಿಲ್ಲ.

ಮಾರನೆಯ ದಿನ ಬುಡದ ಕಲ್ಲಿನ ಮೇಲೆ ಹರಿದ ಕೋಣೆಯ ಚೂರುಗಳೇನೂ ಬಿದ್ದಿರಲಿಲ್ಲ. ಅದರ ಮರುದಿನ ಆ ಕೋಣೆಯ ತುದಿಯ ಮುಚ್ಚಳ, ಡಬ್ಬಿಯ ಮುಚ್ಚಳ ಕತ್ತರಿಸಿದ ಹಾಗೆ ದುಂಡಗೆ, ಅಲ್ಲಿ ಬಿದ್ದಿತ್ತು. ರಾಣಿ ಹೊರಬಂದಿದ್ದಳು.

ಇನ್ನು ಅವಳು ಹಾರಬೇಕಿತ್ತು. ಬಿಸಿಲಿನ ಮಧ್ಯಾಹ್ನ ಹೊರಟು, ಗಂಡುಗಳು ಕೂಡುವ ಎತ್ತರದ ಮರದ ನೆತ್ತಿಗೆ ಹೋಗಿ, ತನ್ನದೇ ಗೋರಾಕ್ಕೆ ಮರಳಬೇಕು. ಆ ದಾರಿಯಲ್ಲಿ ಅವಳಿಗೆ ಕಾವಲಿಲ್ಲ. ನಾಮಿಯೆಯ ಮನೆಯ ಸೂರಿನಡಿಯಲ್ಲೇ ಸ್ವಾಲೋ ಹಕ್ಕಿಗಳು ಗೂಡು ಕಟ್ಟಿ ಮರಿ ಮಾಡಿದ್ದವು. ಅಂಗಳದ ಗಾಳಿಯಲ್ಲಿ ಹಾರುವ ಹುಳುವೊಂದನ್ನೂ ಅವು ಬಿಡುತ್ತಿರಲಿಲ್ಲ. ಗೂಡು ಕೆಡವಿಬಿಡು ಅತ್ತಿಗೆ ಎಂದು ಮಸುಯೊ ಉದ್ದನೆಯ ಬಿದಿರಿನ ಗಳುವನ್ನೇ ತಂದಳು.

"ಒಬ್ಬ ಅಮ್ಮನಿಗೋಸ್ಕರ ಇನ್ನೊಬ್ಬ ಅಮ್ಮನ ಮನೆ ಕೆಡವಲಾ?" ಎಂದಳು ನಾಮಿಯೆ.

ಆ ಗಳು ಬೇರೆ ಕೆಲಸಕ್ಕೆ ಬಂತು. ತೋಕುಜಿ ಅದರ ತುದಿಗೆ ತನ್ನ ಬಿಳಿ ಟವೆಲು ಕಟ್ಟಿ, ತಲೆಗೆ ಸೊಳ್ಳೆಪರದೆ ಸುತ್ತಿಕೊಂಡು, ಬಿಸಿಲು ಬಿದ್ದ ಮಧ್ಯಾಹ್ನಗಳಲ್ಲೆಲ್ಲ ಅಂಗಳದಲ್ಲಿ ನಿಂತು ಬೀಸುತ್ತಿದ್ದ. ಹಕ್ಕಿಗಳು ಟವೆಲಿನ ಸುತ್ತಲೇ ಆಟವಾಡಿದವು. ಮದುವೆ ದಿಬ್ಬಣಕ್ಕೆ ಬಾವುಟ ಹಿಡಿದಿದ್ದೀಯಾ ಅಣ್ಣ ಎಂದು ಮಸುಯೊ ಕೇಳಿದರೂ ಅವನು ನಿಲ್ಲಿಸಲಿಲ್ಲ. ರಾಣಿ ಯಾವ ದಿನ ಹೋದಳೋ, ಬಂದಳೋ, ಯಾರೂ ಕಾಣಲಿಲ್ಲ.

ಆಮೇಲೆ ಮಳೆ ಹಿಡಿಯಿತು. ಮಳೆ ಬಿಟ್ಟ ಒಂದು ಬೆಳಿಗ್ಗೆ ನಾಮಿಯೆ ಬಂಡೆಯ ಬಳಿ ಬಂದಾಗ ಒಂದು ಜೇನು ಗೋರಾದ ಬುಡಕ್ಕೆ ಭಾರವಾಗಿ ಇಳಿಯಿತು. ಹಿಂಗಾಲುಗಳಲ್ಲಿ ಎರಡು ಹಳದಿ ಉಂಡೆಗಳು. ಅದರ ಹಿಂದೆ ಇನ್ನೊಂದು, ಕೇಸರಿ ಬಣ್ಣದ್ದು. ಪರಾಗ ಕೂಸುಗಳ ಊಟ. ಕೂಸಿಲ್ಲದ ಮನೆಗೆ ಅದನ್ನು ಹೊತ್ತು ತರುವವರಿಲ್ಲ. ಅವಳು ಜಿಜೋ ದೇವರ ಕಡೆ ಒಮ್ಮೆ ತಿರುಗಿ, ಗೋರಾಕ್ಕೆ ಕಿವಿ ಹಚ್ಚಿದಳು. ತಟ್ಟಿದಳು.

ಅಲೆ ಬಂತು. ಮರಳನ್ನು ಮುಟ್ಟಿತು. ಹಿಂದಕ್ಕೆ ಸರಿಯಿತು.

ಆ ಮೌನದಲ್ಲಿ ಅವಳು ಎಷ್ಟು ಹೊತ್ತು ಹಾಗೇ ಒರಗಿ ನಿಂತಿದ್ದಳೋ. ಹಿಂದಿನಿಂದ ಕೆಮ್ಮು ಕೇಳಿ ತಿರುಗಿದರೆ ಯಾಸೊಕಿಚಿ. ತೊರೆಯ ನೀರು ಇಳಿಯುವುದನ್ನೇ ಕಾದು ದಾಟಿ ಬಂದಿದ್ದ. ಮೇಲಕ್ಕೆ ಮಡಚಿದ್ದರೂ ಪ್ಯಾಂಟು ಮೊಣಕಾಲಿನವರೆಗೂ ಒದ್ದೆ. ಅವನು ಏನನ್ನೂ ಕೇಳದೆ, ಬಾಗಿದ ಬೆನ್ನನ್ನು ಇನ್ನಷ್ಟು ಬಾಗಿಸಿ, ತನ್ನ ಕಿವಿಯನ್ನೂ ಹಚ್ಚಿದ. ತಾನೇ ತಟ್ಟಿದ. ಮುಖದ ಸುಕ್ಕುಗಳೆಲ್ಲ ಒಮ್ಮೆಗೇ ಸಡಿಲಾದವು.

"ನೋಡಿದ್ಯಾ ಅವಳನ್ನ?" ಎಂದ.

"ಇಲ್ಲ. ಯಾವತ್ತೂ ನೋಡಿಲ್ಲ."

"ನಾನೂ ಇಲ್ಲ," ಎಂದು ಮುದುಕ ಗೋರಾದ ಪಕ್ಕದ ಕಲ್ಲಿನ ಮೇಲೆ ಕೂತ. "ಇಷ್ಟು ವರ್ಷ ಆಯ್ತು. ಚಹಾ ಇದೆಯೇನು ಮೇಲ್ಮನೆ ಸೊಸೆ?"

ನಾಮಿಯೆ ಚಹಾ ತರಲು ಮನೆಯ ಕಡೆ ಇಳಿದಳು. ಅಂಗಳದಲ್ಲಿ ಮರಿ ಸ್ವಾಲೋಗಳು ತೋಕುಜಿಯ ಗಳುವಿನ ಮೇಲೆ ಸಾಲಾಗಿ ಕೂತಿದ್ದವು.